ಹನ್ನೆರಡು ದಾಟಬಾರದು

ಗೋದಾಮಿನಲ್ಲಿ ಕೆಮ್ಮುವಂತಿಲ್ಲ. ಪ್ರಿಲೆಪ್ ಊರಾಚೆಯ ಈ ಗೋದಾಮಿನಲ್ಲಿ ಹಿಂದೆ ಹೊಗೆಸೊಪ್ಪು ಒಣಗುತ್ತಿತ್ತು. ಆಗ ಎಲ್ಲರೂ ಕೆಮ್ಮುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಈಗ ಒಣಗುವುದು ಗಾಂಜಾ. ಸರ್ಕಾರದ ಪರವಾನಗಿ ಪಡೆದ, ದೂರದ ರೋಗಿಗಳಿಗೆ ಹೋಗುವ ಗಾಂಜಾ. ಔಷಧದ ಮೇಲೆ ಕೆಮ್ಮಬಾರದು.

ವೆಲಿಕಾ ಚಿಕ್ಕಮ್ಮ ಕೆಮ್ಮುತ್ತಿದ್ದಳು. ನಾವು ಆರು ಹೆಂಗಸರು ಮಲಗುತ್ತಿದ್ದ ಕೋಣೆಯ ಗೋಡೆಗಳು ಬೆವರುತ್ತಿದ್ದವು, ದಿಂಬುಗಳು ಬೂಷ್ಟು ಹಿಡಿದಿದ್ದವು. ಮೇಲ್ವಿಚಾರಕ ಬ್ಲಗೋಯ ಅವಳಿಗೆ ಹೇಳಿದ್ದ: "ಭಾನುವಾರದೊಳಗೆ ಕೆಮ್ಮು ನಿಲ್ಲಿಸು ಚಿಕ್ಕಮ್ಮ. ಇಲ್ದಿದ್ರೆ ಗಂಟುಮೂಟೆ ಕಟ್ಟು."

ನನ್ನ ಕೆಲಸ ಮೀಟರ್ ಚುಚ್ಚುವುದು. ಎರಡು ಸೂಜಿಗಳನ್ನು ಹೂವಿನೊಳಗೆ ತೂರಿಸಿದರೆ ಅದರಲ್ಲಿ ತೇವ ಎಷ್ಟೆಂದು ತೋರಿಸುತ್ತದೆ. ಒಣಗಿದ ಮೇಲೆ ಹನ್ನೆರಡು ದಾಟಿದರೆ ಬೂಷ್ಟು, ಹತ್ತಕ್ಕಿಂತ ಇಳಿದರೆ ಪುಡಿ. ಒಂದು ದಿನ ಅದನ್ನು ನಮ್ಮ ಗೋಡೆಗೆ ಚುಚ್ಚಿದೆ. ಅಂಕಿ ಮೀಟರಿನ ಮೇಲಿನ ಮಿತಿಗೆ ಹೋಗಿ ಮಿನುಗತೊಡಗಿತು. ಬ್ಲಗೋಯನಿಗೆ ತೋರಿಸಿದೆ.

"ಇದು ಹೂವಿನ ಮೀಟರ್. ಗೋಡೆಗಲ್ಲ."

"ಹಾಗಾದ್ರೆ ಚಿಕ್ಕಮ್ಮನಿಗೆ ಚುಚ್ಚಿ ನೋಡ್ಲಾ?"

"ತಲೆಹರಟೆ ಬೇಡ."

ಆ ವಾರ ಕೊಯ್ಲು ಹೆಚ್ಚಾಗಿ ಗೋದಾಮಿನ ಹಗ್ಗಗಳೆಲ್ಲ ತುಂಬಿದವು. ನಮ್ಮ ಕೋಣೆಯಲ್ಲೂ ಹಗ್ಗ ಕಟ್ಟಬಹುದು ಎಂದೆ. ಬ್ಲಗೋಯನಿಗೆ ನನ್ನ ಮೇಲೆ ಮೊದಲ ಬಾರಿ ಪ್ರೀತಿ ಬಂತು. ಮುಕ್ಕಾಲು ಒಣಗಿದ ಕೊಂಬೆಗಳನ್ನು ನಮ್ಮ ಮಂಚಗಳ ಮೇಲೆ ತೂಗುಹಾಕಿಸಿದ. ಹಿಂದಿನ ದಿನ ಹದಿಮೂರಿದ್ದ ಹೂವು ಬೆಳಗಾಗುವುದರಲ್ಲಿ ಹದಿನೇಳು ತೋರಿಸಿತು. ಅವನ ಮುಖ ಬಿಳುಚಿಕೊಂಡಿತು.

"ಅಯ್ಯೋ ದೇವರೇ! ಇಂಥ ಕೋಣೇಲಿ ಯಾರಾದ್ರೂ ಇರೋಕಾಗುತ್ತಾ?"

ನಾವು ಆರೂ ಜನ ಅವನೆದುರಿಗೇ ನಿಂತಿದ್ದೆವು.

ಮಧ್ಯಾಹ್ನವೇ ತೇವ ಹೀರುವ ಎರಡು ಯಂತ್ರಗಳು ಬಂದವು. ಗೋಡೆ ಕೆರೆದು ಸುಣ್ಣ ಬಳಿದರು. ಶನಿವಾರದ ಹೊತ್ತಿಗೆ ಹೂವು ಹನ್ನೊಂದಕ್ಕಿಳಿಯಿತು, ವೆಲಿಕಾಳ ಕೆಮ್ಮು ನಿಂತಿತು. ಹೂವಿನ ಅಂಕಿ ನೋಡಿ ಬ್ಲಗೋಯ ಸಂತೋಷಪಟ್ಟ. ಕೆಮ್ಮಿನ ಬಗ್ಗೆ ಕೇಳಲಿಲ್ಲ.

ಒಂದು ಲೋಪವಿತ್ತು. ಸಂಜೆಗಿಂತ ಬೆಳಿಗ್ಗೆ ಅಂಕಿ ತುಸು ಏರಿರುತ್ತಿತ್ತು. ಅವನು ಬಹಳ ಯೋಚಿಸಿ ಕಾರಣ ಕಂಡುಹಿಡಿದ.

"ನೀವು ರಾತ್ರಿ ಉಸಿರಾಡ್ತಿದ್ದೀರಿ."

"ತಪ್ಪಾಯ್ತಪ್ಪ," ಎಂದಳು ವೆಲಿಕಾ. "ಚಿಕ್ಕಂದಿನಿಂದ ಬಂದ ಚಾಳಿ."

ಭಾನುವಾರ ಆಜ್ಞೆ ಬಂತು: ಕೋಣೆ ಇನ್ನು ಗಾಂಜಾಕ್ಕೆ ಮೀಸಲು, ನಾವು ಬಾವಿಯ ಪಕ್ಕದ ಕೊಟ್ಟಿಗೆಗೆ ಹೋಗಬೇಕು. ಆ ಕೊಟ್ಟಿಗೆಯ ಗೋಡೆಯಲ್ಲಿ ಪಾಚಿ ಬೆಳೆದಿತ್ತು. ಅಲ್ಲಿಗೆ ಹೋದರೆ ವೆಲಿಕಾ ವಾರದೊಳಗೆ ಮತ್ತೆ ಕೆಮ್ಮುತ್ತಾಳೆ, ಮರುದಿನವೇ ಬಸ್ಸು ಹತ್ತುತ್ತಾಳೆ.

ನಾವು ಒಳಗಿನಿಂದ ಚಿಲಕ ಹಾಕಿದೆವು. ಯಂತ್ರಗಳನ್ನು ಆರಿಸಿದೆವು. ವೆಲಿಕಾ ವಿದ್ಯುತ್ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು, ಮುಚ್ಚಳ ತೆಗೆದು ಬಿಳಿ ಹುರುಳಿಕಾಯಿ ಬೀಜ ಬೇಯಿಸತೊಡಗಿದಳು. ಆವಿ ನಿಧಾನವಾಗಿ ಕೊಂಬೆಗಳತ್ತ ಏರಿತು. ಆರೂ ಜನ ಸಾಲಾಗಿ ಕೂತು, ಯಾವ ಅಡ್ಡಿಯಿಲ್ಲದೆ, ಉಸಿರಾಡಿದೆವು.

"ಬಾಗಿಲು ತೆಗೀರಿ! ಒಳಗೇನು ಮಾಡ್ತಿದ್ದೀರಿ?" ಬ್ಲಗೋಯ ಹೊರಗಿನಿಂದ ಬಾಗಿಲು ಬಡಿದ.

"ಹನ್ನೆರಡು," ಎಂದು ಹೂವಿಗೆ ಮೀಟರ್ ಚುಚ್ಚಿ ಕೂಗಿದೆ ನಾನು.

"ಪೊಲೀಸರನ್ನ ಕರೀತೀನಿ!"

"ಕರಿ," ಎಂದಳು ವೆಲಿಕಾ. "ಅವರೂ ಬಂದು ಉಸಿರಾಡ್ಲಿ. ನೀನು ಚಿಕ್ಕವನಿದ್ದಾಗ ನಿನ್ನ ಸಿಂಬಳ ಒರೆಸಿದೋಳು ಕಣೋ ನಾನು. ಅದೆಷ್ಟು ತೇವ ಇತ್ತು ಅಂತ ಗೊತ್ತು."

"ಹದಿಮೂರು," ಎಂದೆ ನಾನು.

ಅವನು ಭುಜ ಕೊಟ್ಟು ಬಾಗಿಲು ತಳ್ಳಿದ.

"ಹದಿನಾಲ್ಕಾಗ್ತಾ ಇದೆ, ಯಜಮಾನ್ರೆ."

"ಏನು ಬೇಕು ನಿಮಗೆ?"

"ಕೋಣೆ. ಯಂತ್ರಗಳೂ ಇಲ್ಲೇ ಇರ್ಲಿ. ಮಾಲು ತಗೊಂಡು ಹೋಗಿ, ನಿಮ್ಮ ಆಫೀಸಲ್ಲಿ ಕಟ್ಕೊಳ್ಳಿ. ಅಲ್ಲಿ ಒಣಗಿದೆ."

ಸಂಜೆಯೊಳಗೆ ಕೊಂಬೆಗಳು ಅವನ ಆಫೀಸಿನಲ್ಲಿ ತೂಗಾಡಿದವು. ಈಗ ಅವನು ಅವುಗಳ ಕೆಳಗೆ ತಲೆ ಬಗ್ಗಿಸಿ ನಡೆಯುತ್ತಾನೆ; ಮಾತು ಕಡಿಮೆ ಮಾಡಿದ್ದಾನೆ, ಬಹುಶಃ ಉಸಿರು ಉಳಿಸಲು. ಬೆಳಿಗ್ಗೆ ನಮ್ಮ ಯಂತ್ರಗಳ ಡಬ್ಬಿಯಲ್ಲಿ ತುಂಬಿದ ನೀರನ್ನು ವೆಲಿಕಾ ಎತ್ತಿಕೊಂಡು ಹೋಗಿ, ಅವನ ಆಫೀಸಿನ ಮೆಟ್ಟಿಲ ಮೇಲೆ ಸುರಿದು ಬರುತ್ತಾಳೆ.