ಕಡಲೆಕಾಯಿ ಹಿಂಡಿ

ಸಾರಕ್ಕಿಯಲ್ಲಿ ಯಾವ ಎಲೆಕ್ಷನ್ ಬಂದರೂ ಯಾರು ಗೆಲ್ಲುತ್ತಾರೆಂದು ಜನ ನಮ್ಮ ಯಜಮಾನರನ್ನೇ ಕೇಳುತ್ತಿದ್ದರು. ಯಾರ ಹತ್ತಿರ ಜೀಪೆಷ್ಟು, ಹುಡುಗರೆಷ್ಟು, ಬೆನ್ನ ಹಿಂದಿರುವ ದೊಡ್ಡ ಕುಳ ಯಾರು, ಇಷ್ಟು ನೋಡಿ ನನ್ನ ಗಂಡ ಚಿಕ್ಕಬೈರಪ್ಪನವರು ಹೇಳಿಬಿಡುತ್ತಿದ್ದರು. ಹೇಳಿದ್ದು ತಪ್ಪುತ್ತಿರಲಿಲ್ಲ. ಅದೇ ಅವರಿಗೆ ಕೊಬ್ಬು.

ಆ ಕೊಬ್ಬನ್ನು ಸುಡಾನಿನ ಮೇಲೂ ತೋರಿಸಿದರು. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹಾಶಿಮ್ ಆ ದೇಶದವನು, ಇಲ್ಲಿ ಫಾರ್ಮಸಿ ಓದುತ್ತಾನೆ. ಅಲ್ಲಿ ಸೈನ್ಯಕ್ಕೂ, ಹಿಂದೆ ಅದರ ಜೊತೆಗೇ ಇದ್ದ ಇನ್ನೊಂದು ಪಡೆಗೂ ಯುದ್ಧ. ಹಾಶಿಮನ ತಾಯಿ ಒಬ್ಬರೇ ಇರುವ ಊರನ್ನು ಆ ಪಡೆ ಸುತ್ತುಗಟ್ಟಿ ಕೂತಿತ್ತು. ಹೊರಡಲೋ ಇರಲೋ ಎಂದು ಆಕೆ ಮಗನನ್ನು ಕೇಳಿದರು. ಮಗ ನಮ್ಮ ಯಜಮಾನರನ್ನು ಕೇಳಿದ.

“ವಿಮಾನ ಯಾರತ್ರ ಐತೆ?”

“ಆರ್ಮಿ ಹತ್ರ, ಅಂಕಲ್. ಹಡಗು ಬರೋ ಬಂದರು ಕೂಡ ಅವರದೇ. ಊರು ಸುತ್ತಿರೋ ಪಡೆ ಹತ್ರ ಚಿನ್ನದ ಗಣಿ, ಟ್ರಕ್ಕು. ಹೊರಗಿಂದ ಗನ್ ಬರ್ತದೆ.”

“ವಿಮಾನ ಇರೋನೇ ಗೆಲ್ಲೋದು ಕಣಪ್ಪ. ಸೈನ್ಯ ಬಂದೇ ಬರ್ತದೆ. ಮನೆ ಬಿಡ್ಬೇಡಿ ಅನ್ನು. ಬೀಗ ಹಾಕ್ಕೊಂಡ್ ಹೋದ್ರೆ ಮನೆ ಬೇರೆಯೋರ ಪಾಲು.”

ಈ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾವೊಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಕೆರೆ ಪಕ್ಕದ ನಮ್ಮ ಸೈಟಿನಲ್ಲಿ ಯಾರೋ ಶೆಡ್ಡು ಎಬ್ಬಿಸಿದ್ದರು. ಅಂದಿನಿಂದ ಇವರು ಮನೆ ಬಿಟ್ಟು ಹೊರಗೆ ಮಲಗಿದವರಲ್ಲ. ಹಾಶಿಮ್ ತಾಯಿಗೆ ಹಾಗೇ ಹೇಳಿದ, ಆಕೆ ಉಳಿದರು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಮುದ್ದೆ, ಸಾರು ಕೊಡಲು ಮೇಲೆ ಹೋದೆ. “ಅಮ್ಮ ಏನ್ ತಿಂದ್ರಪ್ಪಾ ಇವತ್ತು?” ಎಂದೆ. ಹಾಶಿಮ್ ಫೋನಿನಲ್ಲಿ ಫೋಟೊ ತೋರಿಸಿದ. ತಟ್ಟೆಯಲ್ಲಿ ನೀರಿಗೆ ನೆನೆಹಾಕಿದ ಕಂದು ಚೂರುಗಳು. ಅಯ್ಯೋ ಶಿವನೇ! ಕೊಟ್ಟಿಗೆಯಲ್ಲಿ ಹಸುಗಳಿದ್ದ ಕಾಲದಲ್ಲಿ ನಾನೇ ಕೈಯಾರೆ ನೆನೆಹಾಕಿ ಇಟ್ಟಿದ್ದೇನೆ. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ ಅದು.

ದಡದಡ ಕೆಳಗಿಳಿದು ಯಜಮಾನರು ನೋಡುತ್ತಿದ್ದ ಟಿವಿ ಆರಿಸಿದೆ.

“ವಿಮಾನ ಎಣಿಸಿದ್ರಲ್ಲಾ, ಊರಿಗೆ ಕಾಳು-ಕಡಿ ಬರೋ ರೋಡು ಯಾರ ಕೈಲೈತೆ ಅಂತ ಕೇಳಿದ್ರಾ? ನಿಮ್ ಮಾತು ಕೇಳ್ಕೊಂಡು ಆ ಯಮ್ಮ ದನದ ಹಿಂಡಿ ತಿಂತಾವ್ಳೆ ಕಣ್ರೀ!”

ಅವರು ಕುರ್ಚಿ ಹಿಡಿದು ಎದ್ದರು. “ಮೇಲಕ್ ನಡಿ ಗೌರಮ್ಮ” ಎಂದು ಮಂಡಿ ನೋವಿನಲ್ಲೇ ಮೆಟ್ಟಿಲು ಹತ್ತಿದರು.

“ಪಕ್ಕದ ಮನೆಯವರು ನಾಳೆ ನಡ್ಕೊಂಡು ಹೊರಡ್ತಿದ್ದಾರೆ, ಅಂಕಲ್. ಅಮ್ಮ ಒಪ್ತಿಲ್ಲ. ನೀನಿರೋ ಮನೆ ಹಿರಿಯರು ಹೇಳಿದ್ದಾರೆ, ಸೈನ್ಯ ಬರ್ತದೆ ಅಂತಾರೆ” ಎಂದ ಹಾಶಿಮ್.

ಯಜಮಾನರು ಅವನ ಕೈಯಲ್ಲೇ ತಾಯಿಗೆ ಫೋನ್ ಮಾಡಿಸಿ ತೆಗೆದುಕೊಂಡರು. “ತಾಯೀ, ನನ್ ಲೆಕ್ಕ ತಪ್ಪು. ಸೈನ್ಯ ಬಂದ್ರೂ ನೀವು ಬದುಕಿರೋ ಹೊತ್ಗೆ ಬರಲ್ಲ. ಅವ್ರ ಜೊತೆ ಹೊರಟ್ಬಿಡಿ.”

ಹಾಶಿಮ್ ಅದನ್ನು ಅರಬ್ಬಿಯಲ್ಲಿ ಹೇಳಿದ. ಆ ಕಡೆಯಿಂದ ಸಣ್ಣ ದನಿಯಲ್ಲಿ ಏನೋ ಕೇಳಿಬಂತು.

“ಮನೆ ಬೀಗದ ಕೈ ಯಾರಿಗೆ ಕೊಡ್ಲಿ ಅಂತಿದ್ದಾರೆ, ಅಂಕಲ್.”

ಯಜಮಾನರು ಫೋನಿನತ್ತ ಬಾಗಿದರು. “ಬೀಗ ಹಾಕ್ಬೇಡಿ ತಾಯೀ. ಮನೆ ಹೋದ್ರೆ ಹೋಗ್ಲಿ. ಬಾಗ್ಲು ತೆಗ್ದಿಟ್ಟು ಹೋಗಿ.” ಅಷ್ಟು ಹೇಳಿ ಆ ಹುಡುಗನ ಮುಂದೆಯೇ ಅತ್ತರು.

ಆಕೆ ಹೊರಟರು. ತಲುಪಿದರೆಂಬ ಸುದ್ದಿ ಇನ್ನೂ ಬಂದಿಲ್ಲ. ಯಾರು ಗೆಲ್ಲುತ್ತಾರೆಂದು ಈಗ ಯಾರಾದರೂ ಕೇಳಿದರೆ ಯಜಮಾನರು ಎದ್ದು ಒಳಗೆ ಹೋಗುತ್ತಾರೆ.