ನೇಟಿವ್ ಯಾವುದು

ಕೇಕಿನ ನೀಲಿ ಬೆವರುತ್ತಿದೆ, ಎಸಿ ಇಷ್ಟು ಕೊರೆಯುತ್ತಿದ್ದರೂ ಆ ಕೆನೆ ಅಂಚಿನಿಂದ ಜಿನುಗಿ ತಟ್ಟೆಗೆ ಇಳಿಯುತ್ತಿದೆ, ಸೊನ್ನೆಯ ಆಕಾರದ ಕೇಕು, ನಡುವಿನ ತೂತಿನಲ್ಲಿ ಸಕ್ಕರೆಯಲ್ಲಿ ಮಾಡಿದ ಒಂದು ಸೊಳ್ಳೆ, ಅಂಗಾತ ಸತ್ತು ಬಿದ್ದದ್ದು, ಆರು ಕಾಲೂ ಆಕಾಶಕ್ಕೆ — ಇದು ಯಾರ ತಲೆಯಲ್ಲಿ ಹುಟ್ಟಿತೋ ಅವರಿಗೇ ಅದನ್ನು ತಿನ್ನಿಸಬೇಕು — ಥೂ, ಇನ್ನು ಸ್ವಲ್ಪ ಹೊತ್ತಿಗೆ ನಾನೇ ಅದನ್ನು ಕತ್ತರಿಸಬೇಕು, ಚಾಕುವಿಗೆ ರಿಬ್ಬನ್ ಬೇರೆ ಕಟ್ಟಿದ್ದಾರೆ, ಮದ್ರಾಸಿನ ಗಿಂಡಿಯ ಈ ದೊಡ್ಡ ಹೋಟೆಲಿನ ಸಭಾಂಗಣ ತುಂಬ ಆರು ದೇಶಗಳಿಂದ ಬಂದವರು, ಕತ್ತಿನಲ್ಲಿ ಮಲ್ಲಿಗೆ ಹಾರ, ಕೈಯಲ್ಲಿ ಹುರಿದ ಗೋಡಂಬಿ, ನನ್ನ ಸೆರಗಿಗೆ ಚುಚ್ಚಿದ ಬ್ಯಾಡ್ಜಿನಲ್ಲಿ ಡಾ. ಚಿನ್ಮಯಿ, ಕಣ್ಗಾವಲು ಮುಖ್ಯಸ್ಥೆ ಎಂದಿದೆ, ಹೌದು, ಕಣ್ಗಾವಲು, ಆರು ದೇಶಗಳಲ್ಲಿ ಯಾರಿಗೆ ಮಲೇರಿಯಾ ಬಂತು, ಸೊಳ್ಳೆ ಎಲ್ಲಿ ಕಚ್ಚಿತು, ನಾವು ಎಷ್ಟು ಬೇಗ ಅಲ್ಲಿಗೆ ಓಡಿದೆವು, ಅದನ್ನು ನೋಡಿಕೊಳ್ಳುವವಳು ನಾನು, ಬೇರೆ ಊರಲ್ಲಿ ಕಚ್ಚಿಸಿಕೊಂಡು ಇಲ್ಲಿಗೆ ತಂದ ಜ್ವರ ಆಮದು, ಅದು ಲೆಕ್ಕಕ್ಕಿಲ್ಲ, ಇಲ್ಲೇ ಕಚ್ಚಿಸಿಕೊಂಡದ್ದು ಸ್ಥಳೀಯ, ಮೂರು ವರ್ಷ ಒಂದೂ ಸ್ಥಳೀಯ ಜ್ವರ ಇಲ್ಲದಿದ್ದರೆ ಆ ಜಾಗಕ್ಕೆ ನಮ್ಮ ಸಂಸ್ಥೆ ಸೊನ್ನೆಯ ಬಿರುದು ಕೊಡುತ್ತದೆ, ಗಿಂಡಿಯಿಂದ ಕ್ರೋಂಪೇಟೆಯವರೆಗಿನ ನಮ್ಮ ಪ್ರದೇಶಕ್ಕೆ ಇವತ್ತು ಆ ಬಿರುದು, ವೇದಿಕೆ ಹತ್ತಿ ನಾನು ಸೊನ್ನೆ ಅನ್ನಬೇಕು, ಒಂದೇ ಪದ, ಅದೂ ಹಸಿ ಸುಳ್ಳು. ಪಕ್ಕದಲ್ಲಿ ನಮ್ಮ ನಿರ್ದೇಶಕ ಗುರುಚರಣ ಬಾಯಿ ತೆರೆದೇ ಗೋಡಂಬಿ ಜಗಿಯುತ್ತಿದ್ದಾನೆ, ನಾಲಿಗೆಯ ಮೇಲೆ ಬಿಳಿ ಹಿಟ್ಟು ತಿರುಗುವುದು ಕಾಣುತ್ತದೆ, ಅದೇ ಬಾಯಲ್ಲಿ ನನ್ನ ಕಡೆ ಬಾಗಿ, ಯಾಕ್ರೀ ಡಾಕ್ಟ್ರೇ ಮುಖ ಹಂಗಿಟ್ಕೊಂಡಿದೀರಾ, ಫೋಟೋ ಬರುತ್ತೆ, ಸ್ವಲ್ಪ ನಗಿ ಎಂದ, ಅವನ ಉಸಿರಿನಲ್ಲಿ ತುಪ್ಪದ ವಾಸನೆ, ನಾನು ನಕ್ಕೆ.

ನಕ್ಕೆನಲ್ಲ, ನನ್ನ ತುಟಿಗೂ ಅಭ್ಯಾಸವಾಗಿಬಿಟ್ಟಿದೆ, ಬೇಬಿಯಕ್ಕ ನಡುಗುತ್ತಿದ್ದಾಗಲೂ ಹೀಗೇ ನಕ್ಕಿದ್ದೆ, ಅವಳಿಗೆ ಧೈರ್ಯ ಬರಲಿ ಎಂದು, ಹೋದ ವಾರ, ಕ್ರೋಂಪೇಟೆಯಲ್ಲಿ ಚಿಕ್ಕಪ್ಪನ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಈರುಳ್ಳಿ ಮೂಟೆಗಳ ಪಕ್ಕ ಅವಳ ಮಂಚ, ಬೇಬಿಯಕ್ಕ ಅಂದರೆ, ತೀರಿಹೋದ ನನ್ನ ಅಪ್ಪನೂ ಸುಬ್ರಾಯ ಚಿಕ್ಕಪ್ಪನೂ ಸೇರಿ ಆ ಹೋಟೆಲು ಶುರು ಮಾಡಿದಾಗಿನಿಂದ ಅಲ್ಲಿ ತರಕಾರಿ ಹೆಚ್ಚುವವಳು, ಶಾಲೆಗೆ ಹೋಗುವಾಗ ನನ್ನ ಜಡೆ ಹೆಣೆದವಳು, ಮದ್ರಾಸಿನ ಸೆಕೆಯಲ್ಲಿ ಮೂರು ಕಂಬಳಿ ಹೊದ್ದುಕೊಂಡು, ಎಂತ ಚಳಿಯಾ ಇದು ಮಗಾ, ಎಲುಬೇ ನಡುಗ್ತದೆ ಎಂದಳು, ಸ್ಟೀಲ್ ಲೋಟದಲ್ಲಿ ನೀರು ಹಿಡಿದೆ, ಅವಳ ಹಲ್ಲು ಲೋಟದ ಅಂಚಿಗೆ ಬಡಿದು ಟಕ ಟಕ ಟಕ ಅಂದಿತು, ಕುಡಿಯಲಾಗಲಿಲ್ಲ, ನೀರೆಲ್ಲ ಕತ್ತಿನಿಂದ ಕೆಳಗೆ ಹೋಯಿತು, ಯಾವ ದೇಶಕ್ಕೆ ಹೋದರೂ ಈ ಚಳಿಯನ್ನು ನಾನು ಬಾಗಿಲಲ್ಲೇ ಗುರುತಿಸುತ್ತೇನೆ, ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು, ಮಲೇರಿಯಾ, ಬೇಬಿಯಕ್ಕ ವರ್ಷಗಳಿಂದ ಮದ್ರಾಸು ಬಿಟ್ಟು ಎಲ್ಲಿಗೂ ಹೋದವಳಲ್ಲ, ಹಾಗಾದರೆ ಕಚ್ಚಿದ ಸೊಳ್ಳೆ ಇಲ್ಲೇ ಹುಟ್ಟಿರಬೇಕು, ಮಹಡಿ ಹತ್ತಿದೆ, ನೀರಿನ ಟ್ಯಾಂಕಿನ ಮುಚ್ಚಳ ಒಡೆದು ಯಾವ ಕಾಲವಾಗಿತ್ತೋ, ಅದರ ಮೇಲೆ ಹೋಟೆಲಿನ ಬೆಳ್ಳಿಹಬ್ಬದ ಹಳೇ ಫ್ಲೆಕ್ಸ್ ಹೊದಿಸಿದ್ದರು, ಅದರಲ್ಲಿ ಚಿಕ್ಕಪ್ಪನದೇ ಮುಖ, ಕೈ ಮುಗಿದು ಸುಸ್ವಾಗತ ಅನ್ನುತ್ತಿದೆ, ಆ ಮುಖ ಎತ್ತಿ ಟಾರ್ಚು ಬಿಟ್ಟರೆ ನೀರಿನ ತುಂಬ ಮರಿಗಳು, ಬೇರೆ ಸೊಳ್ಳೆಯ ಮರಿಗಳು ತಲೆಕೆಳಗಾಗಿ ನೇತಾಡುತ್ತವೆ, ಮಲೇರಿಯಾದ ಸೊಳ್ಳೆಯವು ನೀರಿನ ಮೇಲೆ ಅಡ್ಡಡ್ಡ ಮಲಗುತ್ತವೆ, ಇವು ಮಲಗಿದ್ದವು, ಆರಾಮವಾಗಿ, ನಮ್ಮ ಹೋಟೆಲಿನ ಇಡ್ಲಿ, ಸಾಂಬಾರು, ಕಾಫಿ ಎಲ್ಲದಕ್ಕೂ ಇದೇ ನೀರು, ಕುಡಿದರೆ ಮಲೇರಿಯಾ ಬರುವುದಿಲ್ಲ, ಅದು ನನಗೆ ಗೊತ್ತು, ಪಾಠ ಮಾಡುವವಳೇ ನಾನು, ಆದರೂ ಮಹಡಿಯ ಮೂಲೆಗೆ ಹೋಗಿ ಎರಡು ಸಲ ಉಗಿದೆ. ಕೆಳಗಿಳಿದು ಚಿಕ್ಕಪ್ಪನಿಗೆ ಹೇಳಿದರೆ, ಗಲ್ಲಾದಲ್ಲಿ ಕೂತು ಟೋಕನ್ ಹರಿಯುತ್ತಲೇ, ಫಿಲ್ಟರ್ ಆಗಿಯೇ ಬರುದಲ್ವಾ ಮಾರಾಯ್ತಿ, ನಾಳೆ ಖಾಲಿ ಮಾಡಿಸುವಾ, ಈಗ ಮದುವೆ ಆರ್ಡರ್ ಉಂಟು ಎಂದರು. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರಂತೆ, ಕಾಂಬೋಡಿಯಾದ ಕಾಡಿನಲ್ಲಿ ಒಂದೊಂದು ಹೊಂಡಕ್ಕೂ ಟಾರ್ಚು ಬಿಟ್ಟು ನೋಡಿದವಳು ನಾನು, ನನ್ನ ಮನೆಯ ಟ್ಯಾಂಕಿಗೆ ಇಣುಕಿದವರೇ ಇಲ್ಲ.

ಸರಿ, ಸ್ಥಳೀಯ ಜ್ವರ ಎಂದಾಗುತ್ತದೆ, ಸೊನ್ನೆ ಹೋಗುತ್ತದೆ, ಹೋಗಲಿ, ಆದರೆ ಬೀದಿಯ ಅಷ್ಟೂ ಟ್ಯಾಂಕು, ಬಾವಿ ಎಲ್ಲ ಹುಡುಕಿ ಮದ್ದು ಹಾಕುತ್ತಾರೆ, ಇನ್ನೊಬ್ಬರಿಗೆ ಬರುವುದು ತಪ್ಪುತ್ತದೆ ಎಂದುಕೊಂಡಿದ್ದೆ, ನುಂಗಂಬಾಕ್ಕಂನ ಆಫೀಸಿನಲ್ಲಿ ಕಂಪ್ಯೂಟರ್ ತೆರೆದರೆ ಬೇಬಿಯಕ್ಕನ ಜ್ವರ ಆಮದಾಗಿ ಕೂತಿದೆ, ಮಂಗಳೂರಿನ ಕಡೆಯಿಂದ — ಯಾವ ಮಂಗಳೂರು, ಯಾವ ಕಡೆ, ವಿಚಾರಿಸಿದರೆ ನಮ್ಮ ತಂಡದವರು ಕೇಳಬೇಕಾಗಿದ್ದದ್ದು ಕಳೆದ ತಿಂಗಳು ರಾತ್ರಿ ಎಲ್ಲೆಲ್ಲಿ ಮಲಗಿದ್ದಿರಿ ಎಂದು, ಕೇಳಿದ್ದು ನೇಟಿವ್ ಎದುಮ್ಮಾ, ಹುಟ್ಟೂರು ಯಾವುದಮ್ಮಾ ಎಂದು, ಈ ಊರಿನಲ್ಲಿ ಯಾರು ಯಾರನ್ನು ಕಂಡರೂ ಮೊದಲು ಕೇಳುವುದು ಅದೇ ತಾನೆ, ಆಟೋದವರು ಕೇಳುತ್ತಾರೆ, ಮನೆ ಬಾಡಿಗೆಗೆ ಕೊಡುವವರು ಕೇಳುತ್ತಾರೆ, ಬಾಯಿ ತಾನಾಗಿ ಕೇಳಿಬಿಡುತ್ತದೆ, ನಮ್ಮ ಕರಾವಳಿಯವರಿಗೋ ಅದನ್ನು ಕೇಳಿದರೆ ಎಲ್ಲಿಲ್ಲದ ಹಿಗ್ಗು, ಅರ್ಧ ಆಯುಷ್ಯ ಇಲ್ಲಿ ಸಾಂಬಾರು ಕದಡಿದವರೂ ಎದೆ ಉಬ್ಬಿಸಿ ಕುಂದಾಪುರ, ಉಡುಪಿ, ಬ್ರಹ್ಮಾವರ ಅನ್ನುತ್ತಾರೆ, ಬೇಬಿಯಕ್ಕ ಅಷ್ಟು ಜ್ವರದಲ್ಲೂ ಕಾಪು ಎಂದಳಂತೆ, ಕಾಪುವಿನಲ್ಲಿ ಅವಳಿಗೆ ಏನಿದೆ, ಅಣ್ಣ ಸತ್ತ ಮೇಲೆ ಆ ಕಡೆ ತಲೆ ಹಾಕಿಲ್ಲ, ಮನೆ ಇದ್ದಲ್ಲಿ ಈಗ ಪೆಟ್ರೋಲ್ ಬಂಕು, ಆದರೂ ಕಾಪು ಎಂದಳು, ತಗೋ, ಆಮದು. ಕರಾವಳಿಯವರು ಎಷ್ಟು ಮಂದಿ ಹೀಗೆ ಆಮದಾದರೋ, ಒಡಿಶಾದ ಮೇಸ್ತ್ರಿಗಳು, ಬಿಹಾರದ ಬಡಗಿಗಳು ಎಷ್ಟು ಮಂದಿಯೋ, ಮಲೇರಿಯಾ ಇರುವ ಊರಲ್ಲಿ ಹುಟ್ಟಿದ್ದೇ ಸಾಕು ಇವರಿಗೆ. ಗುರುಚರಣನ ಕೋಣೆಗೆ ಹೋದೆ, ಮೈಸೂರಿನಿಂದ ಬಂದು ಐದು ವರ್ಷವಾಗಿಲ್ಲ, ಎಷ್ಟು ನಯದ ಮಾತು, ನೋಡಿ ಡಾಕ್ಟ್ರೇ, ಮಂಗಳೂರು ಕಡೆಯೋರು ಅಂದ್ಮೇಲೆ ಅಲ್ಲಿಂದ್ಲೇ ತಂದಿರ್ತಾರೆ, ಅಲ್ಲಿ ಮಲೇರಿಯಾ ಇಲ್ವಾ ಎಂದ, ಅವಳು ಊರಿಗೇ ಹೋಗಿಲ್ಲ ಎಂದೆ, ಹಂಗಾದ್ರೆ ಹಳೇದು ಲಿವರ್‌ನಲ್ಲಿ ಮಲಗಿದ್ದು ಈಗ ಎದ್ದಿರುತ್ತೆ ಬಿಡಿ ಎಂದ, ಇಷ್ಟು ವರ್ಷ ಮಲಗುವುದಕ್ಕೆ ಅದೇನು ಕುಂಭಕರ್ಣನೇ ಎಂದರೆ ಹೊಟ್ಟೆ ಕುಣಿಸಿ ನಕ್ಕ, ಒಳ್ಳೇ ತಮಾಷೆ ಮಾಡ್ತೀರಿ ನೀವು, ಆರು ದೇಶದೋರು ಟಿಕೆಟ್ ಮಾಡ್ಸಿದಾರೆ, ಈಗ ಹೋಗಿ ಟ್ಯಾಂಕು ಗೀಂಕು ಅಂದ್ರೆ ಹೆಂಗೆ, ಅದೂ ನಿಮ್ಮ ಚಿಕ್ಕಪ್ಪನ ಹೋಟ್ಲೇ ಅಲ್ವಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಎಂದು ನನ್ನ ಮುಂದೆ ಚಾಕಲೇಟಿನ ಡಬ್ಬ ತಳ್ಳಿದ. ನಾನು ಒಂದು ತೆಗೆದುಕೊಂಡೆ, ಬಾಯಿಗೆ ಹಾಕಲಾಗದೆ ಬ್ಯಾಗಿನಲ್ಲಿಟ್ಟೆ, ಅದು ಅಲ್ಲೇ ಕರಗಿ ಬೀಗದ ಕೈಗೆಲ್ಲ ಮೆತ್ತಿದೆ.

ಇವತ್ತು ಬೆಳಿಗ್ಗೆ ಬ್ಯಾಗಿಗೆ ಕೈ ಹಾಕಿದಾಗ ಅದೇ ಅಂಟು, ಫೋನು ಹೊಡೆದುಕೊಳ್ಳುತ್ತಿತ್ತು, ಚಿಕ್ಕಪ್ಪನ ಸೊಸೆ ವೀಕ್ಷಾಳದು, ಅತ್ತಿಗೆ, ನಮ್ಮ ಮಗಳು ಪ್ರಣಮ್ಯಾಗೂ ಅದೇ ಚಳಿ, ಟೆಸ್ಟಿನಲ್ಲಿ ಮಲೇರಿಯಾ ಅಂತ ಬಂತು, ಒಮ್ಮೆ ಬನ್ನಿ ಎಂದಳು, ಇಲ್ಲಿಗೆ ಬರುವ ಮೊದಲು ಅಲ್ಲಿಗೆ ಓಡಿದೆ, ಹೋಟೆಲಿನ ಮೇಲಿನ ಮನೆ, ಎರಡನೇ ಕ್ಲಾಸಿನ ಹುಡುಗಿ, ಅವಳ ಅಪ್ಪನ ಹಳೇ ಸ್ವೆಟರಿನೊಳಗೆ ಮುದುಡಿ ಕೂತಿತ್ತು ಮಗು, ಅತ್ತೆ, ಕುಳಿರುದು ಎಂದಿತು, ನಮ್ಮ ಮಕ್ಕಳಿಗೆ ಚಳಿಯೂ ತಮಿಳಿನಲ್ಲೇ ಆಗುವುದು, ವೀಕ್ಷಾ ನೀರು ಕುಡಿಸುತ್ತಿದ್ದಳು, ಸ್ಟೀಲ್ ಲೋಟ, ಮುಂದಿನ ಎರಡು ಹಲ್ಲು ಹೊಸತಾಗಿ ಬಂದದ್ದು, ಅಂಚಿಗೆ ಬಡಿದು ಟಕ ಟಕ ಟಕ, ನನಗೆ ಕೈ ಚಾಚಿ ಹಿಡಿಯಲಾಗಲಿಲ್ಲ, ನಿಂತು ನೋಡಿದೆ. ಟ್ಯಾಂಕು ಖಾಲಿ ಮಾಡಿಸಿದಿರಾ ಚಿಕ್ಕಪ್ಪಾ ಎಂದೆ, ನಾಳೆ ಮಾಡುವಾ ಎಂದರು, ಮಗು ಮೊದಲೇ ಕಚ್ಚಿಸಿಕೊಂಡಿರಬಹುದು, ಟ್ಯಾಂಕು ಆವತ್ತೇ ಖಾಲಿಯಾಗಿದ್ದರೂ ಇವಳಿಗೆ ತಪ್ಪುತ್ತಿರಲಿಲ್ಲವೇನೋ, ಆದರೆ ಎದುರಿನ ಅಪಾರ್ಟ್‌ಮೆಂಟಿನ ತುಂಬ ಮಕ್ಕಳು, ಆ ಮರಿಗಳಿಗೆ ಅಷ್ಟರಲ್ಲಿ ರೆಕ್ಕೆ ಬಂದು ಹಾರಿಹೋಗಿವೆ, ಅಷ್ಟು ಹೊತ್ತಿಗೆ ನಮ್ಮ ತಂಡದವರು ಬಂದರು, ಜ್ವರ ಬಂದ ಮನೆಗೆ ಅದೇ ದಿನ ಹೋಗಬೇಕು ಎಂದು ನಾನೇ ಕಲಿಸಿದ್ದು, ಓಡಿ ಬಂದರು, ಮತ್ತೆ ಅದೇ ಪ್ರಶ್ನೆ, ನೇಟಿವ್ ಎದು ಸಾರ್, ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ಕಾಪು ಎಂದುಬಿಟ್ಟರು, ಕಾಪು, ಉಡುಪಿ ಪಕ್ಕತ್ತಿಲೇ, ಲೀವಿಗೆ ಹೋಗಿ ಈಗ ಬಂದಳು — ಮಗು ತಲೆ ಎತ್ತಿ ಅಜ್ಜನನ್ನೇ ನೋಡಿತು, ಇದೇ ಬೀದಿಯ ಆಸ್ಪತ್ರೆಯಲ್ಲಿ ಹುಟ್ಟಿದ ಮಗು, ಕಾಪುವಿನ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟು ಎಲ್ಲೂ ಕಂಡದ್ದಿಲ್ಲ, ನಾನಿಲ್ಲೇ ನಿಂತಿದ್ದೇನಲ್ಲ, ಮುಖ್ಯಸ್ಥೆ, ಸುಳ್ಳು ಎಂದೆ, ತಂಡದವರು ನನ್ನ ಮುಖ ನೋಡಿದರು, ಆಮೇಲೆ, ಡೈರೆಕ್ಟರ್ ಸಾರ್ ಹೇಳಿದಾರೆ ಮೇಡಂ ಎಂದು ಮೆಲ್ಲಗೆ ಮೆಟ್ಟಿಲಿಳಿದರು. ಚಿಕ್ಕಪ್ಪ ನನ್ನನ್ನು ಬಾಲ್ಕನಿಗೆ ಕರೆದು, ಮಾತ್ರೆ ಕೊಟ್ಟಾಯ್ತಲ್ಲ, ಗುಣ ಆಗ್ತದೆ, ಟ್ಯಾಂಕಿನಲ್ಲಿ ಹುಳ ಅಂತ ಒಮ್ಮೆ ವಾಟ್ಸಪ್ಪಿನಲ್ಲಿ ಬಂದ್ರೆ ನಾಳೆ ಒಂದು ನಾಯಿ ಸಹ ಹೋಟ್ಲಿಗೆ ಬರ್ಲಿಕ್ಕಿಲ್ಲ, ನಿನ್ನ ಅಪ್ಪ ಕಟ್ಟಿದ್ದು ಮಾರಾಯ್ತಿ ಎಂದರು, ಅಪ್ಪನ ಹೆಸರು ಎತ್ತುವಾಗ ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು, ಆ ನೀರು ಕಂಡೇ ನನಗೆ ಇನ್ನಷ್ಟು ಹೇಸಿಗೆಯಾಯಿತು, ಮೊಮ್ಮಗಳು ಒಳಗೆ ಹಲ್ಲು ಕಡಿಯುತ್ತಿದ್ದರೆ ಬರದ ನೀರು. ಮೆಟ್ಟಿಲಲ್ಲಿ ವೀಕ್ಷಾ ನನ್ನ ಸೆರಗು ಹಿಡಿದಳು, ಅತ್ತಿಗೆ, ಮಾವನ ಎದುರು ಮಾತಾಡ್ಲಿಕ್ಕೆ ನನ್ನಿಂದ ಆಗುದಿಲ್ಲ, ನೀವಾದ್ರೂ ಹೇಳಿ ಎಂದಳು, ನಾನು ಹೂಂ ಅಂದು ಬಂದೆ.

ಈಗ ಅದೇ ಚಿಕ್ಕಪ್ಪ ನಾಲ್ಕನೇ ಸಾಲಿನಲ್ಲಿ ಕೂತಿದ್ದಾರೆ, ಕ್ರೀಂ ಕಲರ್ ಜುಬ್ಬ, ಜರಿ ಶಾಲು, ಹಣೆಗೆ ಗಂಧ, ಅಣ್ಣನ ಮಗಳ ಸನ್ಮಾನ ಎಂದು ಬಂದವರೋ ಅಣ್ಣನ ಮಗಳ ಬಾಯಿ ಕಾಯಲು ಬಂದವರೋ, ಕೈ ಬೀಸುತ್ತಿದ್ದಾರೆ, ಪಕ್ಕದವರಿಗೆ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದಾರೆ, ನಮ್ಮ ಹುಡುಗಿ — ಮೈಕಿನಲ್ಲಿ ನನ್ನ ಹೆಸರು ಕೂಗಿದರು, ಏಳು, ಎದ್ದೆ, ಗುರುಚರಣ ನನ್ನ ಮೊಣಕೈ ಹಿಡಿದು ವೇದಿಕೆಗೆ ನಡೆಸುತ್ತಿದ್ದಾನೆ, ಎಣ್ಣೆ ಮೆತ್ತಿದ ಬೆರಳು, ಒಂದೇ ಪದ ಡಾಕ್ಟ್ರೇ, ಸಿಂಪಲ್ ಎಂದ, ಹೌದು ಸಿಂಪಲ್, ಸೊನ್ನೆ ಅಂದರೆ ಎಲ್ಲರಿಗೂ ಊಟ, ಇದ್ದದ್ದು ಹೇಳಿದರೆ ಟ್ಯಾಂಕು ಎಲ್ಲಿಯದು ಎಂದು ಹೇಳಬೇಕು, ಎಲ್ಲಿಯದು ಎಂದರೆ ಅಪ್ಪನ ಹೋಟೆಲಿನ ಹೆಸರು ಹೇಳಬೇಕು, ಹೇಳದಿದ್ದರೆ ಆ ಬೀದಿಗೆ ಯಾರೂ ಹೋಗುವುದಿಲ್ಲ, ಬಂದ ಜ್ವರಗಳೆಲ್ಲ ಕಾಪುವಿನಿಂದಲೇ ಬರುತ್ತವೆ, ಒಡಿಶಾದಿಂದ ಬರುತ್ತವೆ, ಚಾಕು ಕೈಗೆ ಬಂತು, ಕೆನೆಯ ಹುಳಿ ವಾಸನೆ, ಕ್ಯಾಮೆರಾಗಳು, ಯಾರೋ ನೀರಿನ ಬಾಟಲಿ ಚಾಚಿದರು, ಬೇಡ, ಈಗ ನೀರು ಬೇಡ, ಚಾಕು ಕೆಳಗಿಟ್ಟೆ, ಎರಡು ಎಂದೆ. ಇಂಗ್ಲಿಷಿನಲ್ಲಿ ಎಂದೆ, ಎರಡು, ಸೊನ್ನೆಯಲ್ಲ, ಇಬ್ಬರೂ ಇಲ್ಲೇ ಕಚ್ಚಿಸಿಕೊಂಡವರು, ಕ್ರೋಂಪೇಟೆಯಲ್ಲಿ, ಹೋಟೆಲಿನ ಹೆಸರನ್ನೂ ಹೇಳಿದೆ, ನನ್ನ ತಂದೆ ಕಟ್ಟಿದ ಹೋಟೆಲಿನ ಟ್ಯಾಂಕು ಎಂದೆ, ನನ್ನ ದನಿ ಸ್ಪೀಕರಿನಲ್ಲಿ ದೊಡ್ಡದಾಗಿ ಹೋಗಿ ಗೋಡೆಗೆ ಬಡಿದು ಬಂತು, ನನ್ನ ಮಾತು ಮುಗಿಯುವ ಮೊದಲೇ ಸಭೆಯವರು ಚಪ್ಪಾಳೆ ಶುರು ಮಾಡಿದ್ದರು, ಏನು ಹೇಳಿದರೂ ತಟ್ಟುವುದೆಂದು ಮೊದಲೇ ತೀರ್ಮಾನಿಸಿ ಬಂದ ಕೈಗಳು, ಗುರುಚರಣನ ಮುಖವೊಂದೇ ಇಳಿದುಹೋಗಿದೆ, ಮೊದಲ ಸಾಲಿನ ಹಾರಗಳು ಒಂದರ ಕಡೆ ಒಂದು ಬಾಗಿ ಏನೋ ಕೇಳುತ್ತಿವೆ, ಅಲ್ಲಿ ಚಪ್ಪಾಳೆ ಒಂದೊಂದೇ ನಿಲ್ಲುತ್ತಿದೆ, ನಾಲ್ಕನೇ ಸಾಲಿನಲ್ಲಿ ನಿಂತಿಲ್ಲ, ಇಂಗ್ಲಿಷಿನಲ್ಲಿ ಚಿಕ್ಕಪ್ಪನಿಗೆ ತಿಳಿದದ್ದು ಹೋಟೆಲಿನ ಹೆಸರು ಮಾತ್ರ, ಇಷ್ಟು ದೊಡ್ಡ ಮೈಕಿನಲ್ಲಿ ಅಣ್ಣನ ಹೋಟೆಲಿನ ಹೆಸರು ಬಂತಲ್ಲ, ಶಾಲು ಜಾರಿದ್ದೂ ಗೊತ್ತಾಗದೆ ಎದ್ದು ನಿಂತು ತಟ್ಟುತ್ತಿದ್ದಾರೆ, ಕಣ್ಣು ತುಂಬಿಕೊಂಡು, ಇಡೀ ಸಭೆಯಲ್ಲಿ ಈಗ ಅವರೊಬ್ಬರೇ, ಟಕ, ಟಕ, ನಿಲ್ಲಿಸಿ ಚಿಕ್ಕಪ್ಪಾ, ನಿಲ್ಲಿಸಿ, ಟಕ ಟಕ ಟಕ, ಸ್ಟೀಲ್ ಲೋಟದ ಅಂಚು, ಹೊಸತಾಗಿ ಬಂದ ಎರಡು ಹಲ್ಲು, ಲೋಟದಂಚು, ಎರಡು ಹಲ್ಲು