ಇವತ್ತಿನ ಪಾಳಿ

“ಇವತ್ತು ಯಾರ ಪಾಳಿ?”

ಬೀಗ ಹಾಕುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ದನಿ ಮೇಲಿನ ಮೆಟ್ಟಿಲ ತಿರುವಿನಿಂದ ಬಂದಿತ್ತು. ಎರಡನೇ ಮಹಡಿಯ ಟೀಚರಮ್ಮನದು.

“ಬ್ಯಾಂಕಿನವರದ್ದು. ನಿನ್ನೆ ನಂದಾಯ್ತಲ್ಲ.” ಇದು ಮೂರನೇ ಮಹಡಿಯ ಟೇಲರ್. “ಕೂತು ಕೂತು ಸೊಂಟ ಬಿದ್ದುಹೋಯ್ತು. ಪುಣ್ಯಾತ್ಮ ಬಾಯೇ ಬಿಡಲ್ಲ ಕಣ್ರೀ. ನಾನೊಬ್ಬನೇ ಬಡ್ಕೋಬೇಕು.”

“ಪಾಪ, ಅಕ್ಕ ಹೋದ್ಮೇಲೆ ಇನ್ಯಾರಿದ್ದಾರೆ ಅವರಿಗೆ? ಇನ್ನೊಂದಷ್ಟು ದಿನ ನೋಡೋಣ.”

ಅವನು ಸದ್ದಾಗದಂತೆ ಕೀಲಿ ತಿರುಗಿಸಿ, ತನ್ನ ಮನೆಯಿಂದಲೇ ಕಳ್ಳನ ಹಾಗೆ ಮೆಟ್ಟಿಲಿಳಿದ.

ನಿನ್ನೆ ಸಂಜೆ ಇದೇ ಟೇಲರ್ ಬಾಗಿಲಲ್ಲಿ ನಿಂತು, “ಹೀಗೇ ಈ ಕಡೆ ಬಂದಿದ್ದೆ, ಇಣುಕಿ ಹೋಗೋಣ ಅನ್ನಿಸ್ತು” ಅಂದಿದ್ದ. ಮೊನ್ನೆ ಟೀಚರಮ್ಮ. ಅದಕ್ಕೂ ಮುಂಚೆ ಬ್ಯಾಂಕಿನವರು. ಎಲ್ಲರೂ ಹೀಗೇ ಈ ಕಡೆ ಬಂದವರೇ. ಇಬ್ಬರು ಒಂದೇ ದಿನ ಯಾಕೆ ಬರುವುದಿಲ್ಲ ಎಂದು ಇಷ್ಟು ಓದಿಕೊಂಡವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ನೆರೆಹೊರೆಯೆಂಬುದು ಅಕ್ಕನ ಇಲಾಖೆ. ಅಮ್ಮ ಸತ್ತ ಮೇಲೆ ಅವನನ್ನು ಸಾಕಿ ಓದಿಸಿದವಳು ಅವಳು. ಅವನ ಪರವಾಗಿ ಜನರೊಡನೆ ನಗುವ ಕೆಲಸವನ್ನೂ ಅವಳೇ ಮಾಡಿಕೊಂಡು ಬಂದಿದ್ದಳು. ಅವಳು ಹೋದಾಗ ಜೊತೆಯಲ್ಲಿ ಕೆಲಸ ಮಾಡುವವರು “ಅಕ್ಕ ತಾನೇ” ಎಂಬಂಥ ಮುಖ ಮಾಡಿದ್ದರು. ಹೆಂಡತಿ ಸತ್ತಿದ್ದರೆ ಸಿಗುವ ಮರ್ಯಾದೆ ಅವನ ದುಃಖಕ್ಕೆ ಸಿಗಲಿಲ್ಲ. ನಿದ್ದೆ ಬಿಟ್ಟುಹೋಯಿತು. ಈ ಜನ ಬರತೊಡಗಿದ ಮೇಲೆ ಅದು ಮೆಲ್ಲಗೆ ಮರಳಿತು. ಸಂಜೆಯಾದರೆ ಎರಡು ಕಪ್ ತೊಳೆದಿಡುವುದು ಅಭ್ಯಾಸವಾಗಿತ್ತು. ಈಗ ಗೊತ್ತಾಯಿತು: ಅವನು ನಿದ್ದೆ ಮಾಡುತ್ತಿದ್ದುದು ಇನ್ನೊಬ್ಬರ ಸೊಂಟನೋವಿನ ಮೇಲೆ.

ಆಸ್ಪತ್ರೆಯಲ್ಲಿ ಅವನದು ಕಿವಿ ಪರೀಕ್ಷೆಯ ಕೆಲಸ. ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ರೋಗಿ, ಹೊರಗೆ ಯಂತ್ರದೆದುರು ಅವನು, ನಡುವೆ ದಪ್ಪ ಗಾಜು. ಸದ್ದು ಕೇಳಿದಾಗಲೆಲ್ಲ ಒಳಗಿನವರು ಗುಂಡಿ ಒತ್ತಬೇಕು. ಅವನ ಸ್ವಭಾವಕ್ಕೆ ಹೇಳಿ ಮಾಡಿಸಿದಂಥ ಏರ್ಪಾಡು.

ಇವತ್ತು ಒಳಗೆ ಒಬ್ಬ ಅಜ್ಜಿ. ಗುಂಡಿ ಒತ್ತಿದಳು. ಅವನು ಇನ್ನೂ ಸದ್ದೇ ಕೊಟ್ಟಿರಲಿಲ್ಲ. ಮತ್ತೆ ಒತ್ತಿದಳು. ಅವನು ಎದ್ದು ಬಾಗಿಲು ತೆರೆದು ಕೂಗಿದ.

“ಅಜ್ಜಿ, ಏನು ಕೇಳಿಸ್ತು?”

“ಏನೂ ಇಲ್ಲಪ್ಪ. ಆಗ್ಲಿಂದ ನನ್ನ ಮುಖಾನೇ ನೋಡ್ತಾ ಕೂತಿದ್ಯಲ್ಲ, ಪಾಪ ಅನ್ನಿಸ್ತು. ಒತ್ತಿದೆ.”

“ಪಾಪ ಅಂತೆಲ್ಲ ಒತ್ತಬಾರದು!”

ಹೊರಗೆ ಕೂತಿದ್ದ ಸೊಸೆ ಗಾಬರಿಯಿಂದ ಎದ್ದು ಬಂದಳು. ಅಜ್ಜಿ ಮಾತ್ರ ಬೊಚ್ಚು ಬಾಯಿ ಬಿಟ್ಟು ನಕ್ಕಳು. “ಈಗ ಕೇಳಿಸ್ತು ನೋಡು,” ಅಂದಳು.

ಅವನಿಗೆ ನಗು ಬರಲಿಲ್ಲ. ಬಾಗಿಲು ಹಾಕಿ ಮತ್ತೆ ಯಂತ್ರದೆದುರು ಕೂತ.

ವಾಪಸು ಬರುವಾಗ ಬಸ್ಸಿನಲ್ಲಿ ಮಾತನ್ನು ಸಿದ್ಧಮಾಡಿಕೊಂಡ. ಬ್ಯಾಂಕಿನವರು ಬಾಗಿಲು ತಟ್ಟುತ್ತಾರೆ. ಒಳಗೆ ಕರೆಯಬಾರದು. “ನಿಮ್ಮೆಲ್ಲರ ಉಪಕಾರ ಸಾಕು. ನಾಳೆಯಿಂದ ಯಾರೂ ಕಷ್ಟಪಡೋದು ಬೇಡ.” ಎಷ್ಟು ಸಲ ಹೇಳಿಕೊಂಡರೂ ಮಾತು ಚೆನ್ನಾಗಿಯೇ ಇತ್ತು. ಹೇಳಿದ ಮೇಲೆ ಬಾಗಿಲು ಹಾಕಿಕೊಂಡು ಏನು ಮಾಡುವುದು ಎಂಬುದನ್ನು ಮಾತ್ರ ಅವನು ಯೋಚಿಸಲಿಲ್ಲ. ಮನೆಗೆ ಬಂದು ಒಂದೇ ಕಪ್ ತೊಳೆದಿಟ್ಟು, ಬಾಗಿಲಿಗೆ ಎದುರಾಗಿ ಕೂತ.

ಬ್ಯಾಂಕಿನವರ ಹೆಜ್ಜೆ ಅವನಿಗೆ ಗೊತ್ತು. ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಾರೆ. ಆ ಹೆಜ್ಜೆ ಮೆಟ್ಟಿಲೇರಿತು. ಬಾಗಿಲ ಹತ್ತಿರ ಬಂತು. ಅವನು ಎದ್ದು ನಿಂತ. ಹೆಜ್ಜೆ ನಿಲ್ಲದೆ ಮೇಲೆ ಹೋಯಿತು.

ಛೀಮಾರಿ ಹಾಕಲೆಂದು ಸಜ್ಜಾಗಿ ಕೂತವನಿಗೆ ಹಾಕಿಸಿಕೊಳ್ಳಬೇಕಾದವನೇ ಬಾರದಿದ್ದರೆ ಎಂಥ ಅವಮಾನ! ಮರೆತರೇ? ಬೆಳಿಗ್ಗೆ ತಾನು ಕದ್ದು ಕೇಳಿದ್ದು ಅವರಿಗೆ ತಿಳಿಯಿತೇ? ಸುಮ್ಮನೆ ಕೂರಲಾಗದೆ ಒಳಗೆ ಹೋಗಿ ಎರಡನೆಯ ಕಪ್ಪನ್ನೂ ತೊಳೆದ. ತೊಳೆದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಇನ್ನಷ್ಟು ಹೆಜ್ಜೆಗಳು ಬಾಗಿಲು ದಾಟಿ ಮೇಲೆ ಹೋದವು. ಯಾರೂ ಮಾತಾಡುತ್ತಿರಲಿಲ್ಲ. ತನ್ನ ವಿಷಯಕ್ಕೇ ಸಭೆ ಸೇರಿದ್ದಾರೆ ಎಂದುಕೊಂಡು ಅವನು ಬಾಗಿಲು ತೆರೆದು ದಡದಡನೆ ಮೆಟ್ಟಿಲೇರಿದ.

ಟೇಲರನ ಮನೆಯ ಹೊರಗೆ ಚಪ್ಪಲಿಗಳ ರಾಶಿ. ಟೀಚರಮ್ಮ ಹೊಸ್ತಿಲಲ್ಲೇ ಅವನನ್ನು ಕಂಡರು. ಅವರ ಕಣ್ಣು ಊದಿಕೊಂಡಿತ್ತು.

“ಅಯ್ಯೋ, ಬಂದ್ರಾ. ಇವರ ಹೆಂಡ್ತಿ... ಮಧ್ಯಾಹ್ನ ಅಡುಗೆಮನೇಲಿ ಬಿದ್ದೋರು ಬಿದ್ದ ಹಾಗೇ. ಆಸ್ಪತ್ರೆ ಸೇರೋಷ್ಟರಲ್ಲಿ ಹೋಗ್ಬಿಟ್ಟಿದ್ರು.”

ಅವನ ಗಂಟಲಲ್ಲಿ ಬಸ್ಸಿನ ಮಾತು ಇನ್ನೂ ಕೂತಿತ್ತು.

“ಬಾಡಿ ತರೋಕೆ ನಾವೆಲ್ಲ ಆಸ್ಪತ್ರೆಗೆ ಹೋಗ್ಬೇಕು. ಇವರ ಮಗಳು ಊರಿಂದ ಬರ್ತಿದ್ದಾಳೆ, ಕರ್ಕೊಂಡು ಬರ್ಬೇಕು. ಇವರ ಜೊತೆ ಒಬ್ರು ಇದ್ದಿದ್ರೆ... ನಿಮ್ಮನ್ನ ಕೇಳೋಕೆ ಸಂಕೋಚ ಆಯ್ತು.”

“ನಂಗೆ ಮಾತಾಡೋಕೆ ಬರಲ್ಲ.”

“ಯಾರಿಗೆ ಬರತ್ತೆ, ಡಾಕ್ಟ್ರೇ?”

ಅವನು ಡಾಕ್ಟರಲ್ಲ. ಅದನ್ನು ಹೇಳುವಷ್ಟರಲ್ಲಿ ಅವರೆಲ್ಲ ಮೆಟ್ಟಿಲಿಳಿದು ಹೋಗಿದ್ದರು.

ಟೇಲರ್ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂತಿದ್ದ. ಹೊಲಿಗೆ ಯಂತ್ರದ ಸೂಜಿ ಒಂದೇ ತೋಳಿನ ಅಂಗಿಯಲ್ಲಿ ಇಳಿದು ಅಲ್ಲೇ ನಿಂತಿತ್ತು. ಅವನು ಪಕ್ಕದಲ್ಲಿ ಕೂತ. ‘ಹೀಗೇ ಈ ಕಡೆ ಬಂದಿದ್ದೆ’ ಎನ್ನಬೇಕೆಂದು ಬಾಯಿ ತೆರೆದ. ಆಗಲಿಲ್ಲ. ಅಷ್ಟು ಚಿಕ್ಕ ಸುಳ್ಳನ್ನು ಅಷ್ಟು ಜನ ಅದೆಷ್ಟು ಸಲೀಸಾಗಿ ಆಡಿದ್ದರು ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು.

“ನಿಮ್ಮನ್ನ ಕೂರಿಸಿ ಹೋದ್ರಾ?” ಎಂದ ಟೇಲರ್, ತಿರುಗಿ ನೋಡದೆ.

“ಹೂಂ.”

ಅವನು ಅಂಗಿಯಲ್ಲಿ ಇಳಿದ ಸೂಜಿಯನ್ನು ನೋಡಿದ.

“ಬೆಳಿಗ್ಗೆ ಮೆಟ್ಟಿಲ ಮೇಲೆ ನೀವು ಮಾತಾಡಿದ್ದು ನಂಗೆ ಕೇಳಿಸ್ತು.” ಇದನ್ನು ಈಗ ಯಾಕೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ. ನಾಲಗೆ ಕಚ್ಚಿಕೊಂಡ.

“ಬೆಳಿಗ್ಗೆ,” ಎಂದ ಟೇಲರ್. ನೆನಪಿಸಿಕೊಳ್ಳಲು ಹೆಣಗಿದ. “ಬೆಳಿಗ್ಗೆ ಇದ್ಳು.”

ಆಮೇಲೆ ಅವನ ಕೈ ಹಿಡಿದುಕೊಂಡ. ಪ್ರೀತಿಯಿಂದಲ್ಲ, ಬಸ್ಸು ವಾಲುವಾಗ ಕಂಬಿ ಹಿಡಿದ ಹಾಗೆ.

“ನಾನು ಹೋಗ್ಲಾ?”

ಟೇಲರನ ಹಿಡಿತ ಬಿಗಿಯಾಯಿತು. ಅವನಿಗೆ ಅಕ್ಕನ ನೆನಪಾಯಿತು. ಅವಳಿಗಾಗಿ ಇನ್ನೂ ಬಾರದ ಅಳು ಈಗಲಾದರೂ ಬರಬಹುದೆಂದು ಮೈಯೆಲ್ಲ ಕಿವಿಯಾಗಿ ಕಾದ. ಬರಲಿಲ್ಲ.

ಕಿಟಕಿಯ ಬೆಳಕು ಹೋಯಿತು. ದೀಪ ಹಾಕಬೇಕೆಂದರೆ ಏಳಬೇಕು, ಏಳಬೇಕೆಂದರೆ ಕೈ ಬಿಡಿಸಿಕೊಳ್ಳಬೇಕು. ಕೈ ಜೋಮು ಹಿಡಿಯುತ್ತ ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮೊಣಕೈ ಇಲ್ಲವಾದವು. ಇಬ್ಬರ ನಡುವೆ ಬೆಂಚಿನ ಮೇಲೆ ಬೆರಳುಗಳದೊಂದು ಗಂಟು ಮಾತ್ರ ಮಸುಕಾಗಿ ಕಾಣುತ್ತಿತ್ತು. ಅದರಲ್ಲಿ ತನ್ನದು ಯಾವುದೆಂದು ಗೊತ್ತಾಗದೆ, ಅವನು ಇನ್ನೊಂದು ಕೈ ಚಾಚಿ ಒಂದು ಬೆರಳನ್ನು ಹಿಡಿದು ಉಗುರು ಊರಿ ಬಲವಾಗಿ ಚಿವುಟಿದ.

ಅವನಿಗೆ ನೋವಾಗಲಿಲ್ಲ. ಪಕ್ಕದವನೂ ಹಾ ಎನ್ನಲಿಲ್ಲ.